ಪದ್ಮಿನಿಯ ಸ್ಟೇರಿಂಗ್ ಗೇರ್: ಮೂರನೇ ಗೇರ್ ನಿಲ್ಲುತ್ತಿಲ್ಲ, ಲಿಂಕೇಜ್ ಹೊಂದಿಸುವ ಕ್ರಮ ಹೇಗೆ?

ಬೆಣ್ಣೆನಗರಿ (ದಾವಣಗೆರೆ):

ಮಾನ್ಯರೇ, ನಮ್ಮ ಮನೆಯಲ್ಲಿ 1983ರ ಪ್ರೀಮಿಯರ್ ಪದ್ಮಿನಿ ಇದೆ. ಗೇರ್ ಹಿಡಿಕೆ ಸ್ಟೇರಿಂಗ್ ಪಕ್ಕದಲ್ಲಿಯೇ ಇರುವ ಮಾದರಿ. ಈಚೆಗೆ ಹಿಡಿಕೆ ನ್ಯೂಟ್ರಲ್‌ನಲ್ಲಿರುವಾಗಲೇ ಅತ್ತಿತ್ತ ತೂಗಾಡುತ್ತಿದೆ. ಎರಡರಿಂದ ಮೂರಕ್ಕೆ ಬದಲಿಸುವಾಗ ದಾರಿ ತಕ್ಷಣ ಸಿಗುವುದಿಲ್ಲ. ಸಿಕ್ಕರೂ ಚಿತ್ರದುರ್ಗದ ಕಡೆಗೆ ಹೆದ್ದಾರಿಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಮೂರನೇ ಗೇರ್ ತಾನಾಗಿಯೇ ಕಳಚಿಕೊಳ್ಳುತ್ತದೆ. ಇಂಜಿನ್ ನಿಲ್ಲಿಸಿ ಹಾಕಿ ನೋಡಿದರೂ ಅದು ಪೂರ್ತಿ ಕೂತಂತೆ ಕೈಗೆ ತಿಳಿಯುವುದಿಲ್ಲ. ತೋರಿಸಿದ ಕಡೆಯಲ್ಲಿ ಗೇರ್ ಬಾಕ್ಸ್ ಇಳಿಸಲೇಬೇಕೆಂದು ಹೇಳಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಲಿಂಕೇಜನ್ನು (ಹಿಡಿಕೆಯನ್ನು ಗೇರ್ ಬಾಕ್ಸಿಗೆ ಜೋಡಿಸುವ ರಾಡು, ಕೀಲುಗಳನ್ನು) ಹೊಂದಿಸಿ ನೋಡಬಹುದೇ? ಹೊಂದಿಸುವುದಾದರೆ ಎಲ್ಲಿಂದ ಆರಂಭಿಸಬೇಕು?

ಕೋಟೆನಾಡು (ಚಿತ್ರದುರ್ಗ):

ಗೇರ್ ಬಾಕ್ಸ್ ಇಳಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಇಂಜಿನ್ ನಿಂತಿರುವಾಗಲೂ ಗೇರ್ ಪೂರ್ತಿ ಕೂರುವುದಿಲ್ಲವೆಂದು ನೀವೇ ಬರೆದಿದ್ದೀರಿ. ದೋಷ ಕ್ಲಚ್ಚಿನದಾಗಿದ್ದರೆ ಇಂಜಿನ್ ನಿಂತಾಗ ಗೇರ್ ಸಲೀಸಾಗಿ ಬೀಳುತ್ತಿತ್ತು, ಓಡುವಾಗ ಮಾತ್ರ ಕರಕರ ಎನ್ನುತ್ತಿತ್ತು. ಆದ್ದರಿಂದ ಉಳಿಯುವುದು ಲಿಂಕೇಜ್ ಅಥವಾ ಗೇರ್ ಬಾಕ್ಸಿನ ಒಳಭಾಗ. ಇವೆರಡರಲ್ಲಿ ಯಾವುದೆಂದು ತಿಳಿಯಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಬರೀ ಜಾಕನ್ನು ನಂಬದೆ ಸ್ಟ್ಯಾಂಡ್ ಮೇಲೆ ಎತ್ತಿ ಕೂರಿಸಿ, ಕೆಳಗಿನಿಂದ ಗೇರ್ ಬಾಕ್ಸಿಗೆ ಬರುವ ಕೊಂಡಿಯನ್ನು ಬಿಚ್ಚಿ, ಬಾಕ್ಸಿನ ಲಿವರನ್ನೇ ಕೈಯಿಂದ ತಿರುಗಿಸಿ ನೋಡಿ. ಮೂರನೇ ಗೇರ್ ಅಲ್ಲಿ ಟಕ್ಕೆಂದು ಕೂತರೆ, ಮೇಲಿನ ಹಿಡಿಕೆಯ ಚಲನೆ ಕೆಳಗೆ ಪೂರ್ತಿ ತಲುಪುತ್ತಿಲ್ಲ ಎಂದು ಖಚಿತವಾಗುತ್ತದೆ. ಗೇರನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗ್ ತಮ್ಮ ಗುಳಿಗೆ ಬೀಳುವ ಮೊದಲೇ ಹಿಡಿಕೆಯ ಓಟ ಮುಗಿದುಹೋದರೆ, ಏರಿನಲ್ಲಿ ಒತ್ತಡ ಬಿದ್ದಾಗ ಗೇರ್ ಜಾರುವುದು ಸಹಜ.

ಹಾಗೆಂದು ತಕ್ಷಣ ಸ್ಪ್ಯಾನರ್ ಹಿಡಿದು ರಾಡಿನ ಉದ್ದವನ್ನು ಬದಲಿಸಬೇಡಿ. ಈ ಗಾಡಿಗಳಲ್ಲಿ ಹಿಡಿಕೆ ಮತ್ತು ಅದರ ಕಂಬ ಬಾಡಿಗೆ ಬಿಗಿದಿರುತ್ತವೆ, ಗೇರ್ ಬಾಕ್ಸ್ ಮಾತ್ರ ಇಂಜಿನ್ನಿನೊಂದಿಗೆ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುತ್ತಿರುತ್ತದೆ. ಮೌಂಟಿಂಗ್ ಕುಸಿದಿದ್ದರೆ ಇಂದು ಹೊಂದಿಸಿದ ಅಳತೆ ಗಾಡಿ ಏರು ಹತ್ತುವಾಗಲೇ ತಪ್ಪಿಹೋಗುತ್ತದೆ, ಏಕೆಂದರೆ ಇಂಜಿನ್ ತಿರುಚಿಕೊಂಡಾಗ ಅದು ಕೊಂಡಿಯನ್ನೂ ತನ್ನೊಂದಿಗೆ ಎಳೆಯುತ್ತದೆ. ಬುಷ್‌ಗಳ ಸವೆತವೂ ಅಷ್ಟೇ ಮುಖ್ಯ; ಕೀಲುಗಳಲ್ಲಿ ಪಿನ್ನಿನ ಸುತ್ತ ಕೂರುವ ಬಳೆಗಳೇ ಈ ಬುಷ್‌ಗಳು. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟೇ ಸಡಿಲವಿದ್ದರೂ ಎಲ್ಲ ಕೂಡಿ ಹಿಡಿಕೆಯ ತುದಿಗೆ ಬರುವ ಹೊತ್ತಿಗೆ ಅದು ನಿಮಗೆ ಕಾಣುತ್ತಿರುವ ತೂಗಾಟವಾಗುತ್ತದೆ. ಒಬ್ಬರು ಮೇಲೆ ಕೂತು ಹಿಡಿಕೆಯನ್ನು ನಿಧಾನವಾಗಿ ಆಡಿಸಲಿ. ನೀವು ಕೆಳಗಿನಿಂದ ಯಾವ ಕೀಲಿನಲ್ಲಿ ಪಿನ್ ಮೊದಲು ಅಲುಗಿ ರಾಡ್ ತಡವಾಗಿ ಕದಲುತ್ತದೆ ಎಂಬುದನ್ನು ಗಮನಿಸಿ.

ಇವೆಲ್ಲ ಸರಿಯಾದ ಮೇಲೆಯೇ ಅಳತೆಯ ಮಾತು. ರಾಡಿನ ಮರೆಯ (ತಿರುಪಿನ ಸುತ್ತುಗಳ) ಮೇಲೆ ಈಗಿರುವ ಜಾಗಕ್ಕೆ ಬಣ್ಣದ ಗುರುತು ಹಾಕಿ. ಬಾಕ್ಸಿನ ಲಿವರ್ ನ್ಯೂಟ್ರಲ್‌ನಲ್ಲಿರಲಿ, ಮೇಲಿನ ಹಿಡಿಕೆಯೂ ನ್ಯೂಟ್ರಲ್‌ನ ನಡುಜಾಗದಲ್ಲಿರಲಿ. ಈಗ ಪಿನ್ ಬಲಪ್ರಯೋಗವಿಲ್ಲದೆ ತಾನಾಗಿ ತೂತಿನೊಳಗೆ ಜಾರುವವರೆಗೆ ರಾಡಿನ ತುದಿಯನ್ನು ಅರ್ಧರ್ಧ ಸುತ್ತು ತಿರುಗಿಸಿ, ಲಾಕ್ ನಟ್ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿ. ಪ್ರತಿ ಗೇರ್ ಕೂತ ಮೇಲೂ ಹಿಡಿಕೆಗೆ ಇನ್ನೂ ಸ್ವಲ್ಪ ಓಟ ಉಳಿದಿರಬೇಕು. ಒಂದು ಬದಿಯಲ್ಲಿ ಓಟ ಉಳಿದು ಇನ್ನೊಂದು ಬದಿಯಲ್ಲಿ ಕಂಬದ ಕವಚಕ್ಕೆ ತಾಗುತ್ತಿದ್ದರೆ ನಡುಜಾಗ ಇನ್ನೂ ಸಿಕ್ಕಿಲ್ಲವೆಂದೇ ಅರ್ಥ.

ಲೇತ್ ಕೆಲಸ (ಹರಿಹರ):

ಬುಷ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಸಾವಿರಗಟ್ಟಲೆ ಓಡುತ್ತಿದ್ದಷ್ಟು ಕಾಲ ಬಿಡಿಭಾಗಗಳಿಗೆ ಅಲ್ಲಿನ ಮಾರುಕಟ್ಟೆಯೇ ಆಸರೆಯಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು; ಇನ್ನು ಮುಂದೆ ಇಂಥ ಸಣ್ಣ ಭಾಗಗಳನ್ನು ಹುಡುಕಿ ಅಲೆಯುವುದಕ್ಕಿಂತ ಮಾಡಿಸಿಕೊಳ್ಳುವುದೇ ಜಾಣತನ. ಗನ್ ಮೆಟಲ್ (ಒಂದು ಬಗೆಯ ಕಂಚು) ಬುಷ್ ಮಾಡಿಸುವಾಗ ಹಳೆಯ ಬುಷ್ ಒಂದನ್ನೇ ಕೊಟ್ಟರೆ ಸಾಲದು, ಪಿನ್ನನ್ನೂ ಕೊಡಿ. ಪಿನ್ ಒಂದು ಬದಿಗೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಹೊಸ ಬುಷ್ ಬೇಗನೆ ಹಾಳಾಗುತ್ತದೆ. ಗ್ರೀಸ್ ಹಚ್ಚಲು ಬುಷ್ ಒಳಗೆ ಸಣ್ಣ ತೋಡು ತೆಗೆಸಿಕೊಳ್ಳಿ. ಆದರೆ ಹೊರಗೆಲ್ಲ ಬಳಿಯಬೇಡಿ, ನಮ್ಮ ಕಡೆಯ ಧೂಳು ಅದಕ್ಕೆ ಅಂಟಿಕೊಂಡು ಅರದ ಕೆಲಸವನ್ನೇ ಮಾಡುತ್ತದೆ.

ಬೆಣ್ಣೆನಗರಿ (ದಾವಣಗೆರೆ):

ಇಬ್ಬರಿಗೂ ಧನ್ಯವಾದಗಳು. ಬಾಕ್ಸಿನ ಲಿವರನ್ನು ಕೈಯಿಂದ ತಿರುಗಿಸಿದಾಗ ಮೂರನೇ ಗೇರ್ ಸ್ಪಷ್ಟವಾಗಿ ಕೂತಿತು. ಹಿಂದಿನ ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟು ಚಪ್ಪಟೆಯಾಗಿತ್ತು, ಎರಡು ಬುಷ್‌ಗಳು ಪೂರ್ತಿ ಸವೆದಿದ್ದವು. ಅವನ್ನೆಲ್ಲ ಬದಲಿಸಿದ ಮೇಲೆ ರಾಡನ್ನು ಒಂದು ಸುತ್ತಿಗಿಂತಲೂ ಕಡಿಮೆ ತಿರುಗಿಸಬೇಕಾಯಿತು. ಮೂರನೇ ಗೇರ್ ಈಗ ಏರಿನಲ್ಲೂ ನಿಲ್ಲುತ್ತಿದೆ. ಆದರೆ ಇಂಜಿನ್ ಓಡುತ್ತಿರುವಾಗ ರಿವರ್ಸ್ ಹಾಕಿದರೆ ಇನ್ನೂ ಕರಕರ ಶಬ್ದ ಬರುತ್ತಿದೆ. ಇದಕ್ಕೂ ಲಿಂಕೇಜ್ ಕಾರಣವಿರಬಹುದೇ?

ಕೋಟೆನಾಡು (ಚಿತ್ರದುರ್ಗ):

ಇಂಜಿನ್ ನಿಂತಾಗ ರಿವರ್ಸ್ ಸಲೀಸಾಗಿ ಬೀಳುತ್ತಿದ್ದರೆ ಲಿಂಕೇಜನ್ನು ಮತ್ತೆ ಮುಟ್ಟಬೇಡಿ. ಈ ಬಾಕ್ಸಿನಲ್ಲಿ ಸಿಂಕ್ರೋಮೆಶ್ (ಗೇರ್ ಕೂರುವ ಮೊದಲು ವೇಗಗಳನ್ನು ಸರಿಹೊಂದಿಸುವ ಏರ್ಪಾಡು) ಇರುವುದು ಎರಡು, ಮೂರು, ನಾಲ್ಕನೇ ಗೇರುಗಳಿಗೆ ಮಾತ್ರ. ಒಂದನೆಯದಕ್ಕೂ ರಿವರ್ಸಿಗೂ ಇಲ್ಲ. ಕ್ಲಚ್ ಪೂರ್ತಿ ಒತ್ತಿ, ಮೊದಲು ಎರಡನೇ ಗೇರಿಗೆ ಹಾಕಿ ಒಳಗೆ ತಿರುಗುತ್ತಿರುವ ಚಕ್ರಗಳನ್ನು ನಿಲ್ಲಿಸಿ, ಕ್ಲಚ್ ಬಿಡದೆಯೇ ರಿವರ್ಸಿಗೆ ಬನ್ನಿ. ಹೀಗೆ ಮಾಡಿಯೂ ಶಬ್ದ ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲಿನ ಫ್ರೀ ಪ್ಲೇ (ಒತ್ತುವಾಗ ಮೊದಲಿಗೆ ಸಿಗುವ ಸಡಿಲ ಓಟ) ನೋಡಿಸಿ.