ಹಳೇ ಲೇತ್ (ಲೋಹ ಕಡೆಯೋ ಯಂತ್ರ): ಜಾಬ್ ಟೇಪರ್ ಬರ್ತಿದೆ (ಕಡೆದ ತುಂಡು ಒಂದು ತುದಿ ದಪ್ಪ), ಬೆಡ್ (ಕೆಳಗಿನ ಉದ್ದ ಹಳಿ) ಮೇಲೆ ತಾಮ್ರದ ಬಣ್ಣದ ಕಲೆ. ಗ್ರೈಂಡಿಂಗಿಗೆ ಕಳಿಸ್ಬೇಕಾ?

ತೀರ್ಥಹಳ್ಳಿ ತೋಟದವ
ಕೊಪ್ಪದ ಕಡೆ ಒಬ್ಬರ ಅಡಿಕೆ ಶೆಡ್ಡಿನಲ್ಲಿ ಏಳೆಂಟು ವರ್ಷ ಗೋಣಿಚೀಲ ಹೊದ್ದು ಕೂತಿದ್ದ ನಾಲ್ಕೂವರೆ ಅಡಿ ಲೇತ್ ತಂದಿದ್ದೇನೆ. ಕೋನ್ ಪುಲ್ಲಿ, ಗನ್‌ಮೆಟಲ್ ಬುಷ್ (ಸ್ಪಿಂಡಲ್ ಅನ್ನೋ ತಿರುಗೋ ದಂಡ ಕೂರೋ ಕೊಳವೆ), ಹೆಸರಿನ ಪ್ಲೇಟ್ ಇಲ್ಲ. ಗುಜರಿ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ರು. ಡೀಸೆಲ್ ಸುರಿದು ನೆನೆಸಿ, ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರಿನಲ್ಲಿ ತಿಕ್ಕಿ ತಿಕ್ಕಿ ತುಕ್ಕು ಬಿಡಿಸಿದೆ. ಮನೆಯವಳು ಅಡುಗೆಮನೆಗೆ ಹೊಸದು ಕೊಡಿಸಿ ಅಂದಿದ್ದಾಳೆ, ಅದು ಬೇರೆ ಕಥೆ.

ಈಗ ತೊಂದರೆ ಎರಡು. 32 ಮಿ.ಮೀ. ರಾಡನ್ನ ಹಿಡಿದು ತಿರುಗಿಸೋ ಚಕ್‌ಗೆ ಕಚ್ಚಿಸಿ, ಟೇಲ್ ಸ್ಟಾಕ್ (ಇನ್ನೊಂದು ತುದಿಯ ಆಸರೆ) ಕೊಡದೆ 120 ಮಿ.ಮೀ. ಉದ್ದ ಹೊಡೆದ್ರೆ ಚಕ್ ಹತ್ತಿರ 30.00, ಹೊರತುದೀಲಿ 30.09 ಬರ್ತಿದೆ. ಇನ್ನೊಂದು, ಬೆಡ್ ಮೇಲೆ ಅಲ್ಲಲ್ಲಿ ತಾಮ್ರದ ಬಣ್ಣದ ಕಲೆ, ಅದರ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿ. ಪೇಟೆಯ ಟರ್ನರ್ ಒಬ್ಬರು ಬೆಡ್ ಸವೆದಿದೆ, ಗ್ರೈಂಡಿಂಗಿಗೆ ಕಳಿಸಿ ಅಂದ್ರು. ಸಾಗಿಸೋ ಬಾಡಿಗೆನೇ ಲೇತಿನ ರೇಟಿಗೆ ಹತ್ತಿರ ಬರುತ್ತೆ.

ಸಾಗರದ ತಿರುಪು
ತುಕ್ಕಿಗೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ನೀರು) ಹಚ್ಚಿ ನೋಡಿ. ನನ್ನ ಹಳೇ ವೈಸ್‌ಗೆ ಹಚ್ಚಿದ್ದೆ, ಕರಿ ಬಣ್ಣ ಬಂದು ಮತ್ತೆ ತುಕ್ಕು ಏಳಲಿಲ್ಲ.

ಭದ್ರಾವತಿ ಫಿಟ್ಟರ್
ಚೊಗರು ಸ್ಟ್ಯಾಂಡಿಗೆ, ಕವರಿಗೆ ಹಚ್ಚಿ, ಬೇಡ ಅನ್ನಲ್ಲ. ಅದರ ಟ್ಯಾನಿನ್ ತುಕ್ಕಿನ ಜೊತೆ ಸೇರಿ ಕಪ್ಪು ಪದರ ಆಗುತ್ತೆ, ಅಷ್ಟೇ. ಸ್ಯಾಡಲ್ (ಟೂಲ್ ಹೊತ್ತ ಗಾಡಿ) ಓಡೋ ಜಾಗಕ್ಕೆ ಮಾತ್ರ ಬೇಡ ಮಾರಾಯ್ರೆ, ಅಲ್ಲಿ ಪದರ ಕೂರಬಾರದು.

ತೋಟದವ್ರೆ, ಒಂದು ಪ್ರಶ್ನೆ. ಆ ಶೆಡ್ಡಿನಲ್ಲಿ ಲೇತಿನ ಪಕ್ಕ ಎಂತ ಇಟ್ಟಿದ್ರು?

ತೀರ್ಥಹಳ್ಳಿ ತೋಟದವ
ಔಷಧಿ ಹೊಡೆಯೋ ಪಂಪು, ಡ್ರಮ್ಮು, ಸುಣ್ಣದ ಚೀಲ… ಓಹೋ. ಸುಣ್ಣದ ಜೊತೆ ಬೆರೆಸಿ ಅಡಿಕೆಗೆ ಹೊಡೆಯೋ ಮೈಲುತುತ್ತ (ಕಾಪರ್ ಸಲ್ಫೇಟ್)!

ಭದ್ರಾವತಿ ಫಿಟ್ಟರ್
ಅದೇ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದ್ರೆ ಕಬ್ಬಿಣ ಕರಗಿ ಹೋಗಿ ಆ ಜಾಗದಲ್ಲಿ ತಾಮ್ರ ಕೂರುತ್ತೆ. ಐಟಿಐನಲ್ಲಿ ಮಾರ್ಕಿಂಗ್ ಮಾಡೋ ಮುಂಚೆ ನಾವು ಬೇಕಂತಲೇ ಇದನ್ನ ಪ್ಲೇಟಿಗೆ ಹಚ್ತಿದ್ವಿ, ಗೆರೆ ಚೆನ್ನಾಗಿ ಕಾಣ್ಲಿ ಅಂತ. ನಿಮ್ಮ ಬೆಡ್ಡಿಗೆ ಕೇಳದೇ ಬಂದಿದೆ. ಆಯಿಲ್ ಸ್ಟೋನ್ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಹಗುರವಾಗಿ ಎಳೆಯಿರಿ, ಉಬ್ಬಿದ್ದು ಮಾತ್ರ ಹೋಗ್ಬೇಕು. ಗುಂಡಿ ಇದ್ರೆ ಇರ್ಲಿ, ಎಣ್ಣೆ ನಿಲ್ಲುತ್ತೆ. ಎಮರಿ ಪೇಪರ್ ತಗೊಂಡು ಬೆಡ್ ಹತ್ರ ಹೋಗಲೇಬೇಡಿ.

ಇನ್ನು ಟೇಪರ್. ಹಳೇ ಲೇತಿನಲ್ಲಿ ಬೆಡ್ ಜಾಸ್ತಿ ಸವೆಯೋದು ಚಕ್ ಹತ್ತಿರ, ಮುಂದಿನ ಪಟ್ಟಿಯಲ್ಲಿ, ಯಾಕಂದ್ರೆ ಕೆಲಸ ಎಲ್ಲ ಅಲ್ಲೇ. ಅಲ್ಲಿ ಸವೆದ್ರೆ ಸ್ಯಾಡಲ್ ನಿಮ್ಮ ಕಡೆ ವಾಲಿ ಟೂಲ್ ಹಿಂದೆ ಸರಿಯುತ್ತೆ, ಅಂದ್ರೆ ಚಕ್ ಕಡೆ ದಪ್ಪ ಬರ್ಬೇಕು. ನಿಮಗೆ ಬರ್ತಿರೋದು ತಿರುಗಾ ಮುರುಗಾ. ಹಾಗಾಗಿ ಗ್ರೈಂಡಿಂಗ್ ಮಾತು ಸದ್ಯಕ್ಕೆ ಬಿಡಿ. ನನಗೆ ಅನುಮಾನ ಬೆಡ್ ತಿರುಚಿಕೊಂಡಿದೆ ಅಂತ. ಕಾಲಿನ ಅಡಿ ಎಂತ ಇಟ್ಟಿದ್ದೀರಿ?

ಅದಕ್ಕೂ ಮುಂಚೆ ಬುಷ್ ನೋಡಿ. ಸ್ಪಿಂಡಲ್ ಮೂತಿ ಮೇಲೆ ಡಯಲ್ ಗೇಜ್ ಕೂರಿಸಿ, ಚಕ್ ಅಡಿಗೆ ರೀಪರ್ ಕೊಟ್ಟು ಕೈಯಲ್ಲೇ ಎತ್ತಿ. ಗೇಜಿನ ಮುಳ್ಳು ನಾಲ್ಕೈದು ಗೆರೆ, ಅಂದ್ರೆ 0.05 ಮಿ.ಮೀ. ಒಳಗೆ ಆಡಿದ್ರೆ ಈ ಜಾತಿ ಬುಷ್‌ಗೆ ಚಿಂತೆ ಇಲ್ಲ.

ತೀರ್ಥಹಳ್ಳಿ ತೋಟದವ
ಬುಷ್ 0.04. ಕಾಲಿನ ಅಡಿ… ನಾಚಿಕೆ ಆಗುತ್ತೆ ಹೇಳೋಕೆ. ನೆಲ ಸಮ ಇರಲಿಲ್ಲ ಅಂತ ಟೇಲ್ ಸ್ಟಾಕ್ ಕಡೆ ಮುಂದಿನ ಕಾಲಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ತುಂಡು ಕೊಟ್ಟಿದ್ದೆ. ಈಗ ನೋಡಿದ್ರೆ ಅಪ್ಪಚ್ಚಿಯಾಗಿ, ಅಂಚಲ್ಲಿ ಬೂಷ್ಟು ಹಿಡಿದಿದೆ.

ಸಾಗರದ ತಿರುಪು
ದಬ್ಬೆಯಲ್ಲಿ ಚಪ್ಪರ ಹಾಕ್ತಾರೆ ಅಂತ ಗೊತ್ತಿತ್ತು 😄

ಭದ್ರಾವತಿ ಫಿಟ್ಟರ್
ನಗಬೇಡಿ, ಸಿಕ್ತಲ್ಲ. ಆ ಕಾಲು ಕುಸಿದಿದೆ, ಅದಕ್ಕೇ ಹೊರತುದೀಲಿ ಟೂಲ್ ಹಿಂದೆ ಹೋಗಿದೆ. ನಾಲ್ಕೂ ಕಾಲಿಗೆ ಹತ್ತು ಮಿ.ಮೀ. ಪ್ಲೇಟ್ ಇಟ್ಟು, ಆ ಮುಂದಿನ ಕಾಲನ್ನ ಮಾತ್ರ ಶಿಮ್ (ತೆಳು ತಗಡು) ಕೊಟ್ಟು ಎತ್ತುತ್ತಾ ಬನ್ನಿ. ಹ್ಯಾಕ್ಸಾ ಬ್ಲೇಡ್ ತುಂಡು ಸುಮಾರು 0.6, ತಂಪು ಪಾನೀಯದ ಡಬ್ಬಿ ತಗಡು ಸುಮಾರು 0.1. ಪ್ರತಿ ಸಲ ಬೋಲ್ಟ್ ಬಿಗಿ ಮಾಡಿ ಆಮೇಲೆ ಅಳೆಯಿರಿ. ರಾಡಿನ ನಡುವೆ ತಗ್ಗು ಮಾಡಿ ಎರಡು ತುದಿಯಲ್ಲಿ ಎರಡು ಬಳೆ ಬಿಡಿ. ಕ್ರಾಸ್ ಸ್ಲೈಡ್ (ಟೂಲ್ ಹಿಂದೆ ಮುಂದೆ ಸರಿಸೋದು) ಮುಟ್ಟದೆ ಎರಡಕ್ಕೂ ಒಂದೇ ಕಟ್, 0.1ಕ್ಕಿಂತ ಜಾಸ್ತಿ ಬೇಡ. ಟೂಲ್ ಈಗ ತಾನೇ ಸಾಣೆ ಹಿಡಿದದ್ದಿರ್ಲಿ. ಮೊಂಡಾದ್ರೆ ರಾಡ್ ಬಾಗಿ ಸುಳ್ಳು ಲೆಕ್ಕ ಕೊಡುತ್ತೆ.

ಮೋಟರ್ ಹೇಗಿದೆ? ಶೆಡ್ಡಿನಲ್ಲಿ ಅಷ್ಟು ಮಳೆಗಾಲ ಕಳೆದದ್ದು. ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಹಾಕಿ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ್ರೆ ಓಡಿಸಬೇಡಿ. ಮುಚ್ಚಳ ಬಿಚ್ಚಿ ಎರಡು ದಿನ ಬಲ್ಬ್ ಉರಿಸಿ ಒಣಗಿಸಿ.

ತೀರ್ಥಹಳ್ಳಿ ತೋಟದವ
ಮೋಟರ್ ರೀವೈಂಡಿಂಗ್ ಮಾಡಿಸಿಯೇ ಹಾಕಿದ್ದು.

ಭಾನುವಾರ ಇಡೀ ಇದೇ ಕೆಲಸ. ಬ್ಲೇಡ್ ತುಂಡು ಕೊಟ್ಟೆ, ತಿರುಗಿ ಬಿತ್ತು: ಚಕ್ ಕಡೆ 0.02 ದಪ್ಪ. ಅದನ್ನ ತೆಗೆದು ಡಬ್ಬಿ ತಗಡು ಐದು ಪದರ ಇಟ್ಟೆ. 120 ಮಿ.ಮೀ. ಉದ್ದಕ್ಕೆ ವ್ಯತ್ಯಾಸ 0.01ಕ್ಕೆ ಇಳಿಯಿತು. ಮೈಕ್ರೋಮೀಟರ್ ಮೂರು ಸಲ ಹಿಡಿದೆ, ನಂಬಿಕೆ ಬರಲಿಲ್ಲ. ಮೊದಲ ಜಾಬ್ ಅಡಿಕೆ ಸುಲಿಯೋ ಮೆಷಿನ್ನಿನ ಬುಷ್. ಕೈಯಲ್ಲಿ ಒತ್ತಿದ್ರೆ ಗಾಳಿ ತಳ್ಳಿಕೊಂಡು ನಿಧಾನ ಒಳಗೆ ಇಳಿಯುತ್ತೆ.

ಭದ್ರಾವತಿ ಫಿಟ್ಟರ್
ಹಾಗೇ ಇಳೀಬೇಕು. ನಿಮ್ಮ ಕಡೆ ನೆಲ ಮಳೆಗಾಲದಲ್ಲಿ ಒಂಥರಾ, ಬೇಸಿಗೆಯಲ್ಲಿ ಒಂಥರಾ. ದೀಪಾವಳಿ ಹೊತ್ತಿಗೆ ಇನ್ನೊಂದ್ಸಲ ಬಳೆ ಹೊಡೆದು ನೋಡಿ. ಆ ಗೋಣಿಚೀಲ ಮಾತ್ರ ಮತ್ತೆ ಹೊದಿಸಬೇಡಿ, ತೇವ ಹೀರಿಕೊಂಡು ಬೆಡ್ಡಿಗೇ ಕುಡಿಸುತ್ತೆ. ಎಣ್ಣೆ ಹಚ್ಚಿ ಹಳೇ ಪಂಚೆ ಮುಚ್ಚಿ ಸಾಕು.