ಪಿಕಪ್ ಗಾಡಿಯ ಬಾಡಿಯೊಳಗೆ ನಾವೇ ಲೈನರ್ ಹಚ್ಚಬಹುದಾ? ಮಾಡಿದವರು ಅನುಭವ ಹೇಳಿ

ಸಿರುಗುಪ್ಪ ಕಡೆಯಿಂದ ಪ್ರಶ್ನೆ

ಅಣ್ಣಂದಿರಿಗೆ ನಮಸ್ಕಾರ. ನನ್ನ ಹತ್ತಿರ ಎರಡು ವರ್ಷದ ಪಿಕಪ್ ಇದೆ. ಭತ್ತ, ಗೊಬ್ಬರ, ಸೀಸನ್‌ನಲ್ಲಿ ಮೆಣಸಿನಕಾಯಿ ಚೀಲ ಹೊಡೆಯುತ್ತೇನೆ. ಬಾಡಿ ತಳದ ಬಣ್ಣ ಹೋಗಿ ಅಲ್ಲಲ್ಲಿ ತುಕ್ಕು ಶುರುವಾಗಿದೆ. ಗ್ಯಾರೇಜಿನವರು ಚೆಕ್ಕರ್ ಶೀಟ್ (ಮೇಲೆ ಉಬ್ಬು ಗೆರೆ ಇರುವ ಉಕ್ಕಿನ ಶೀಟು) ವೆಲ್ಡ್ ಮಾಡಿಸು ಅಂತಾರೆ. ಗೆಳೆಯ ಬಣ್ಣದ ಹಾಗೆ ರೋಲರ್‌ನಲ್ಲಿ ಹಚ್ಚುವ, ಒಣಗಿ ಗಟ್ಟಿ ಪದರವಾಗುವ ಲೈನರ್ ಸಾಕು ಅಂತಾನೆ. ಮನೆ ಮುಂದೆ ನಾನೇ ಮಾಡಬಹುದಾ? ಯಾವುದು ತಗೊಳ್ಳಲಿ?

ಗಂಗಾವತಿಯಿಂದ

ತಮ್ಮ, ಧೈರ್ಯವಾಗಿ ಮಾಡು. ನಾನು ಎರಡು ಸಲ ಮಾಡಿದ್ದೇನೆ. ಮೊದಲನೇದು ಮೂರೇ ತಿಂಗಳಿಗೆ ಕಿತ್ತು ಬಂತು. ಎರಡನೇದಕ್ಕೆ ಈಗ ನಾಲ್ಕನೇ ವರ್ಷ. ಎರಡು ಸಲವೂ ತಂದಿದ್ದು ಒಂದೇ ತರದ ಡಬ್ಬಿ. ಬೇರೆ ಮಾಡಿದ್ದು ಹಚ್ಚುವ ಮುಂಚಿನ ಕೆಲಸ ಮಾತ್ರ. ಅದಕ್ಕೇ ಮೊದಲು ಆ ಕಥೆ ಹೇಳ್ತೀನಿ.

ಡಿಸೆಂಬರ್ ತಿಂಗಳು. ಭತ್ತದ ಬಾಡಿಗೆ ಕಡಿಮೆಯಾಗಿತ್ತು, ಗಾಡಿ ಮನೆ ಮುಂದೆ ಇತ್ತು. ಬೆಳಿಗ್ಗೆ ಪೈಪು ಹಿಡಿದು ಬಾಡಿ ತೊಳೆದೆ. ಮಧ್ಯಾಹ್ನ ಮುಟ್ಟಿ ನೋಡಿದರೆ ಒಣಗಿತ್ತು. ಬಿಸಿಲು ಇಳಿಯಲಿ ಅಂತ ಕಾದು ಸಂಜೆ ಹಚ್ಚಿದೆ. ನೋಡೋಕೆ ಚೆನ್ನಾಗೇ ಬಂತು. ಮೂರು ತಿಂಗಳಾದ ಮೇಲೆ ಹಿಂದಿನ ಡೋರ್ ಹತ್ತಿರ ಗುಳ್ಳೆ ಎದ್ದವು. ಒಂದನ್ನು ಉಗುರಿನಿಂದ ಎತ್ತಿದೆ. ಅಂಗೈ ಅಗಲದ ತುಂಡು ಹಪ್ಪಳದ ಹಾಗೆ ಎದ್ದು ಬಂತು. ತಿರುಗಿಸಿ ನೋಡಿದರೆ ಹಿಂಬದಿಗೆ ಬೂದು ಬಣ್ಣದ ಪುಡಿ ಅಂಟಿತ್ತು. ಶೀಟಿನ ಮೇಲೆ ಒದ್ದೆ ತುಕ್ಕು. ಬಾಡಿಯ ಮಡಿಕೆಗಳಲ್ಲಿ ಉಳಿದಿದ್ದ ಗೊಬ್ಬರ ಅದು. ಗೊಬ್ಬರ ಗಾಳಿಯಲ್ಲಿನ ತೇವ ಎಳೆಯುತ್ತೆ ಅಂತ ನಮಗೆಲ್ಲ ಗೊತ್ತು, ಮಳೆಗಾಲದಲ್ಲಿ ಚೀಲದ ಬಾಯಿ ಬಿಚ್ಚಿಟ್ಟರೆ ಕರಗಿ ಗಟ್ಟಿಯಾಗುತ್ತಲ್ಲ. ಅದೇ ಕೆಲಸ ಲೈನರ್ ಕೆಳಗೂ ನಡೆದಿತ್ತು. ಮೇಲಿನಿಂದ ನನಗೆ ಕಾಣಲೇ ಇಲ್ಲ.

ಎರಡನೇ ಸಲ ತಯಾರಿಗೇ ಎರಡು ದಿನ ಕೊಟ್ಟೆ. ಮೊದಲು ಸರ್ವೀಸ್ ಸ್ಟೇಷನ್‌ನಲ್ಲಿ ಜೋರು ನೀರು ಹೊಡೆಸಿದೆ. ಆಮೇಲೆ ಸೋಪಿನ ನೀರು, ಗಟ್ಟಿ ಬ್ರಷ್ ಹಿಡಿದು ಮಡಿಕೆ ಮಡಿಕೆ ಉಜ್ಜಿದೆ. ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಒಳಗಿನ ಹೊಟ್ಟು, ಮಣ್ಣು ತೆಗೆದೆ. ಬಿಸಿಲಲ್ಲಿ ಪೂರ್ತಿ ಒಂದು ದಿನ ಬಿಟ್ಟೆ. ತುಕ್ಕು ಇದ್ದ ಕಡೆ ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಕಬ್ಬಿಣ ಹೊಳೆಯುವವರೆಗೆ ತೆಗೆದೆ. ಬ್ರಷ್ ಹೋಗದ ಸಣ್ಣ ಗುಳಿಗಳಿಗೆ ರಸ್ಟ್ ಕನ್ವರ್ಟರ್ (ತುಕ್ಕು ಮುಂದೆ ಹರಡದ ಹಾಗೆ ಮಾಡುವ ದ್ರವ) ಹಚ್ಚಿದೆ. ತುಕ್ಕಿಲ್ಲದ ಕಡೆ ಬಣ್ಣ ಪೂರ್ತಿ ಕೀಳಬೇಕಿಲ್ಲ, 80 ನಂಬರ್ ಎಮರಿ ಪೇಪರ್‌ನಿಂದ ಹೊಳಪು ಹೋಗುವ ತನಕ ಉಜ್ಜಿದರೆ ಸಾಕು. ನುಣುಪು ಬಣ್ಣದ ಮೇಲೆ ಯಾವ ಲೈನರೂ ನಿಲ್ಲಲ್ಲ.

ಜಿಡ್ಡು ಹೋಗಿದೆಯಾ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಒಂದು ಲೋಟ ನೀರು ಚೆಲ್ಲು. ನೀರು ತೆಳ್ಳಗೆ ಹರಡಿ ನಿಂತರೆ ಸರಿ. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಗುಂಡಗಾದರೆ ಅಲ್ಲಿ ಎಣ್ಣೆ ಇನ್ನೂ ಇದೆ, ಮತ್ತೆ ತೊಳೆ. ಪೂರ್ತಿ ಒಣಗಿದ ಮೇಲೆ ಥಿನ್ನರ್‌ನಿಂದ ಒರೆಸು. ಬಟ್ಟೆ ಬದಲಾಯಿಸುತ್ತಾ ಇರು, ಇಲ್ಲಾಂದ್ರೆ ಇಲ್ಲಿನ ಜಿಡ್ಡು ಅಲ್ಲಿಗೆ ಬಳಿದ ಹಾಗಾಗುತ್ತೆ. ಬರಿ ಕಬ್ಬಿಣ ಕಂಡಲ್ಲೆಲ್ಲ ಲೈನರ್‌ಗಿಂತ ಮುಂಚೆ ಎಪಾಕ್ಸಿ ಪ್ರೈಮರ್ (ಅಡಿಪದರದ ಬಣ್ಣ) ಹೊಡಿ.

ಇನ್ನು ಚೆಕ್ಕರ್ ಶೀಟ್ ಮಾತು. ಕಲ್ಲು, ಜಲ್ಲಿ, ಕಬ್ಬಿಣ ಹೊಡೆಯುವವರಿಗೆ ಅದೇ ಸರಿ. ಮೇಲಿಂದ ಬೀಳುವ ಕಲ್ಲಿನ ಪೆಟ್ಟನ್ನು ಯಾವ ಲೈನರೂ ತಡೆಯಲ್ಲ, ಶೀಟು ತಗ್ಗಾಗಿಯೇ ಆಗುತ್ತೆ. ನೀನು ಹೊಡೆಯೋದು ಚೀಲ. ನಿನಗೆ ತೊಂದರೆ ಕೊಡೋದು ಉಜ್ಜಾಟ ಮತ್ತು ತೇವ. ಅದೂ ಅಲ್ಲದೆ ತೂಕ ಲೆಕ್ಕ ಹಾಕು. 3 ಮಿಲಿಮೀಟರ್ ಉಕ್ಕಿನ ಶೀಟು ಚದರ ಮೀಟರ್‌ಗೆ ಸುಮಾರು 24 ಕೆಜಿ ತೂಗುತ್ತೆ. 7 ಅಡಿಗೆ 5 ಅಡಿಯ ಸಣ್ಣ ಬಾಡಿಗೇ 78 ಕೆಜಿ ಹತ್ತಿರ ಆಯ್ತು. ನಮ್ಮ ಕಡೆ ಭತ್ತದ ಚೀಲ 75 ಕೆಜಿ. ಅಂದರೆ ಪ್ರತಿ ಟ್ರಿಪ್ಪಿಗೂ ಒಂದು ಚೀಲ ಕಡಿಮೆ ಹೊಡೆದ ಹಾಗೆ, ಗಾಡಿ ಇರುವಷ್ಟು ದಿನ. ಎರಡು ಶೀಟಿನ ನಡುವೆ ನೀರು ನುಗ್ಗಿದರೆ ಒಣಗೋದೂ ಇಲ್ಲ.

ಆದ್ದರಿಂದ ನನ್ನ ಮಾತು ಇಷ್ಟು: ರೋಲರ್ ಲೈನರ್ ಹಚ್ಚು, ಅದರ ಮೇಲೆ ಎತ್ತಿ ತೆಗೆಯೋಕೆ ಬರುವ ರಬ್ಬರ್ ಮ್ಯಾಟ್ ಹಾಸು. ದನದ ಕೊಟ್ಟಿಗೆಗೆ ಹಾಸ್ತಾರಲ್ಲ, ಅದೇ ಮ್ಯಾಟ್ ಆಗುತ್ತೆ. ಹಮಾಲರ ಕೊಕ್ಕೆ, ಚೀಲದ ಉಜ್ಜಾಟ ಮ್ಯಾಟ್ ತಡೆಯುತ್ತೆ. ತೇವದಿಂದ ಶೀಟನ್ನು ಲೈನರ್ ಕಾಯುತ್ತೆ.

ತೋರಣಗಲ್ಲಿನಿಂದ

ನಮ್ಮ ಕಡೆ ಫ್ಯಾಕ್ಟರಿಯ ಹಳೆ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಗುತ್ತೆ. ಅಳತೆಗೆ ಕತ್ತರಿಸಿ ಹಾಸಿದ್ದೆ. ಬೆಲ್ಟ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಅದನ್ನು ಬೋಲ್ಟ್ ಹಾಕಿ ಕೂರಿಸಿಬಿಟ್ಟೆ, ಅದೇ ತಪ್ಪಾಯಿತು. ಒಂದು ಮಳೆಗಾಲ ಎತ್ತಿ ನೋಡಲಿಲ್ಲ. ಅದಿರಿನ ಕೆಂಪು ಧೂಳು ಕೆಳಗೆ ಸೇರಿ ಕೆಸರಾಗಿ ಕೂತಿತ್ತು. ಗಾಡಿ ಅಲುಗಿದಾಗೆಲ್ಲ ಆ ಧೂಳು ಎಮರಿ ಪೇಪರ್ ಹಾಗೆ ಬಣ್ಣ ತಿಂದಿತ್ತು. ಬೋಲ್ಟ್ ತೂತುಗಳ ಸುತ್ತ ಶೀಟು ತೆಳ್ಳಗಾಗಿತ್ತು. ರೆಡಿಮೇಡ್ ಪ್ಲಾಸ್ಟಿಕ್ ಲೈನರ್ ಕೂರಿಸಿದವರೂ ಇದನ್ನೇ ಹೇಳ್ತಾರೆ. ಗಂಗಾವತಿ ಅಣ್ಣ ಹೇಳಿದ ಹಾಗೆ ಮ್ಯಾಟ್ ಬಿಡಿಯಾಗೇ ಇರಲಿ. ವಾರಕ್ಕೊಮ್ಮೆ ಎತ್ತಿ ಗುಡಿಸಿ.

ರಾಯಚೂರಿನಿಂದ

ನಾನು ಪೇಂಟಿಂಗ್ ಕೆಲಸದವನು. ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೇನೆ. ಈ ಲೈನರ್‌ಗಳಲ್ಲಿ ಜಾಸ್ತಿ ಪಾಲು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನವು. ಅದರಲ್ಲಿ, ಮುಖ್ಯವಾಗಿ ಗಟ್ಟಿಯಾಗಲಿ ಅಂತ ಬೆರೆಸುವ ಹಾರ್ಡನರ್‌ನಲ್ಲಿ, ಐಸೋಸೈನೇಟ್ ಅನ್ನೋ ರಾಸಾಯನಿಕ ಇರುತ್ತೆ. ಅದು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ವಾಸನೆಯೂ ತಡೆಯಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಏನೂ ಉಪಯೋಗವಿಲ್ಲ. ಪೇಂಟ್ ಆವಿಗೆ ಅಂತಲೇ ಬರುವ ಕಾರ್ಟ್ರಿಜ್ ಮಾಸ್ಕ್ ತಗೊಳ್ಳಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಮನೆ ಮುಂದೆ ಮಾಡೋದಾದರೆ ಮಕ್ಕಳನ್ನು ದೂರ ಇಡಿ. ಹತ್ತಿರ ಬೀಡಿ ಸೇದೋಕೆ ಯಾರನ್ನೂ ಬಿಡಬೇಡಿ. ಸ್ಪ್ರೇ ಗನ್‌ನಲ್ಲಿ ಹೊಡೆದರೆ ಹನಿ ಗಾಳಿಗೆ ಹೋಗುತ್ತೆ, ಅಪಾಯ ಇನ್ನೂ ಜಾಸ್ತಿ. ಮೊದಲ ಸಲಕ್ಕೆ ರೋಲರ್, ಬ್ರಷ್ ಸಾಕು.

ಎರಡನೇದು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ರಾಯಚೂರು 40 ಡಿಗ್ರಿ ದಾಟುತ್ತೆ. ಬಿಸಿಲಿಗೆ ನಿಂತ ಶೀಟು ಕೈ ಇಡೋಕೆ ಆಗಲ್ಲ. ಅದರ ಮೇಲೆ ಹಚ್ಚಿದರೆ ಮೇಲಿನ ಪದರ ಬೇಗ ಕೆನೆ ಕಟ್ಟಿ ಒಳಗಿನ ಥಿನ್ನರ್ ಗುಳ್ಳೆಯಾಗಿ ಏಳುತ್ತೆ. ಹಾರ್ಡನರ್ ಬೆರೆಸುವ ಲೈನರ್ ಆದರೆ ಡಬ್ಬಿ ಮೇಲೆ ಬರೆದ ಸಮಯ ತಂಪು ಹವೆಯದ್ದು. ನಮ್ಮ ಬಿಸಿಲಿಗೆ ಅರ್ಧಕ್ಕೇ ಗಟ್ಟಿಯಾಗಬಹುದು. ಬೇಕಾದಷ್ಟೇ ಬೆರೆಸಿ. ರಾಪ್ಟರ್‌ನಂಥ ಕಂಪನಿ ಲೈನರ್‌ಗೆ ಮೂರು ಪಾಲಿಗೆ ಒಂದು ಪಾಲು ಹಾರ್ಡನರ್. ಅಂದಾಜಿನಲ್ಲಿ ಸುರಿಯಬೇಡಿ, ಅಳತೆ ಕಪ್ ಇಟ್ಟುಕೊಳ್ಳಿ.

ಗಂಗಾವತಿಯವರು ಡಿಸೆಂಬರ್ ಸಂಜೆ ಹಚ್ಚಿದ್ದು ಇನ್ನೊಂದು ತೊಂದರೆ. ಚಳಿಗಾಲದಲ್ಲಿ ರಾತ್ರಿ ಶೀಟಿನ ಮೇಲೆ ಇಬ್ಬನಿ ಕೂರುತ್ತೆ. ಪಾಲಿಯುರೆಥೇನ್ ಹಸಿ ಇದ್ದಾಗ ನೀರು ತಾಗಿದರೆ ನೊರೆ ಏಳುತ್ತೆ. ಚಳಿಗಾಲವೇ ಒಳ್ಳೇದು, ಆದರೆ ಬೆಳಿಗ್ಗೆ 10ಕ್ಕೆ ಇಬ್ಬನಿ ಪೂರ್ತಿ ಆರಿದ ಮೇಲೆ ನೆರಳಲ್ಲಿ ಶುರು ಮಾಡಿ, ಮಧ್ಯಾಹ್ನದೊಳಗೆ ಕೊನೆ ಕೋಟ್ ಮುಗಿಸಿ. ತಾಡಪಾಲು ಬಾಡಿಗೆ ತಾಗದ ಹಾಗೆ ಎತ್ತರಕ್ಕೆ ಕಟ್ಟಿ.

ಸಿರುಗುಪ್ಪ ಕಡೆಯಿಂದ

ತುಂಬಾ ಉಪಕಾರ ಅಣ್ಣ. ಚೆಕ್ಕರ್ ಶೀಟ್ ಬಿಟ್ಟೆ. ಎಷ್ಟು ಡಬ್ಬಿ ಬೇಕಾಗುತ್ತೆ? ಹಚ್ಚಿದ ಎಷ್ಟು ದಿನಕ್ಕೆ ಲೋಡ್ ಹಾಕಬಹುದು?

ಗಂಗಾವತಿಯಿಂದ

ತಳ ಒಂದೇ ಅಳೆಯಬೇಡ ತಮ್ಮ. 7 ಅಡಿಗೆ 5 ಅಡಿ ಬಾಡಿಯ ತಳ 35 ಚದರ ಅಡಿ. ಒಂದು ಅಡಿ ಎತ್ತರದ ನಾಲ್ಕು ಗೋಡೆ ಸೇರಿದರೆ ಇನ್ನು 24. ಒಟ್ಟು 59. ಏಣು ತಗ್ಗು ಇರೋದರಿಂದ ಸ್ವಲ್ಪ ಜಾಸ್ತಿಯೇ ಹಿಡಿ. ಎರಡು ಕೋಟ್ ಅಂದರೆ ಅದರ ಎರಡರಷ್ಟು. ನಿನ್ನ ಗಾಡಿ ಅಳತೆಗೆ ಹೀಗೇ ಲೆಕ್ಕ ಹಾಕಿ, ಒಂದು ಡಬ್ಬಿ ಎಷ್ಟು ಚದರ ಅಡಿಗೆ ಬರುತ್ತೆ ಅಂತ ಅಂಗಡಿಯಲ್ಲೇ ಓದಿ ತಗೋ. ಅರ್ಧದಲ್ಲಿ ಮುಗಿದು ಮರುದಿನ ಮತ್ತೆ ಹಚ್ಚಿದರೆ ಜೋಡಣೆ ಸರಿ ಕೂರಲ್ಲ.

ಹಚ್ಚುವಾಗ ಮೂಲೆ, ಮಡಿಕೆ, ಬೋಲ್ಟ್ ತಲೆಗಳಿಗೆ ಮೊದಲು ಬ್ರಷ್, ಆಮೇಲೆ ಬಯಲಿಗೆ ರೋಲರ್. ಮೊದಲ ಕೋಟ್ ಉದ್ದಕ್ಕೆ, ಎರಡನೇದು ಅಡ್ಡಕ್ಕೆ. ದಪ್ಪಗೆ ಒಂದೇ ಸಲ ಮೆತ್ತಬೇಡ. ಡೋರ್ ಹಿಂಜ್, ಕೊಂಡಿ, ನಂಬರ್ ಪ್ಲೇಟಿಗೆ ಮಾಸ್ಕಿಂಗ್ ಟೇಪ್ ಹಾಕು. ಟೇಪನ್ನು ಲೈನರ್ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಎಳಿ, ತಡ ಮಾಡಿದರೆ ಅಂಚೂ ಜೊತೆಗೆ ಬರುತ್ತೆ. ನೀರಿನ ತೂತುಗಳಿಗೆ ಒಂದೊಂದು ಕಡ್ಡಿ ಚುಚ್ಚಿಡು, ಆಮೇಲೆ ತೆಗಿ. ತೂತು ಮುಚ್ಚಿದರೆ ಬಾಡಿ ಕೆರೆಯಾಗುತ್ತೆ.

ಮರುದಿನ ಮುಟ್ಟಿದರೆ ಗಟ್ಟಿ ಅನಿಸುತ್ತೆ, ನಂಬಬೇಡ. ಒಳಗೆ ಇನ್ನೂ ಹಣ್ಣಾಗಿರಲ್ಲ. ನಾನು ಒಂದು ವಾರ ಲೋಡ್ ಹಾಕಲಿಲ್ಲ, ಬಾಡಿಗೆ ಬಂದರೂ ಬಿಟ್ಟೆ. ಎಂಟನೇ ದಿನ ಮ್ಯಾಟ್ ಹಾಸಿ ಮೊದಲು ಮೆಣಸಿನಕಾಯಿ ಚೀಲ ಹೊಡೆದೆ, ಹಗುರ ಇರುತ್ತಲ್ಲ. ಭತ್ತ ಅದರ ಮುಂದಿನ ವಾರ.