ಬೇರೆಯವರ ಗದ್ದೆ-ತೋಟದಲ್ಲಿ ಮೆಟಲ್ ಡಿಟೆಕ್ಟರ್: ಜಾಗದ ಧನಿಗಳ ಹತ್ತಿರ ಮೊದಲೇ ಎಂತ ಮಾತಾಡಿಕೊಳ್ಳಬೇಕು?

ಪಡುಗಾಳಿ ಕೇಳಿದ್ದು:

ಹವ್ಯಾಸಕ್ಕೆ ಅಂತ ತೆಗೆದುಕೊಂಡ ನೋಕ್ಟಾ ಲೆಜೆಂಡ್ ಮೆಟಲ್ ಡಿಟೆಕ್ಟರ್ ಉಂಟು. ಇಷ್ಟರವರೆಗೆ ಮಲ್ಪೆ, ಪಡುಬಿದ್ರಿ ಮರಳಿನಲ್ಲಿ ಮಾತ್ರ. ಈಗ ಬ್ರಹ್ಮಾವರ ಕಡೆ ಪರಿಚಯದವರೊಬ್ಬರು, ಏಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ನೋಡಿ, ಅಡಿಕೆ ತೋಟದಲ್ಲೂ ತೊಂದರೆ ಇಲ್ಲ, ಮೇಲಿನ ಗುಡ್ಡೆಯೂ ನಮ್ಮದೇ ಅಂದಿದ್ದಾರೆ. ಬಾಯಿಮಾತಿನ ಒಪ್ಪಿಗೆ ಸಾಕಾ? ಸಿಕ್ಕಿದ್ದು ಅರ್ಧ-ಅರ್ಧ ಅಂತ ಮಾತಾಡಿಕೊಂಡರೆ ಆಗ್ತದಾ? ಗುಂಡಿ ಎಷ್ಟು ಆಳ ತೋಡಬಹುದು?

ಕಟ್ಟಪುಣಿ ಉತ್ತರ:

ಮೊದಲು ಆ "ಗುಡ್ಡೆಯೂ ನಮ್ಮದೇ" ಅನ್ನುವ ಮಾತು ನೋಡಿ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗಳಲ್ಲಿ ವರ್ಗ ಜಮೀನಿನ (ಸ್ವಂತ ಪಟ್ಟೆ ಜಾಗದ) ಸುತ್ತ 100 ಗಜದೊಳಗೆ ಕುಮ್ಕಿ ಇರ್ತದೆ. ಸೊಪ್ಪು, ತರಗೆಲೆ, ಹುಲ್ಲಿಗೆ ವರ್ಗದಾರರಿಗೆ ಸವಲತ್ತು ಉಂಟು, ಆದರೆ ಜಾಗ ಸರಕಾರದ್ದು. ತಲೆಮಾರಿನಿಂದ ಅನುಭವಿಸಿಕೊಂಡು ಬಂದವರು ಪ್ರಾಮಾಣಿಕವಾಗಿಯೇ ನಮ್ಮದು ಅನ್ತಾರೆ. ಅವರ ಒಪ್ಪಿಗೆಯಿಂದ ಅಲ್ಲಿ ಅಗೆಯುವ ಹಕ್ಕು ಬರುವುದಿಲ್ಲ. ಪರಂಬೋಕಿಗೂ (ಸರಕಾರಿ ಖಾಲಿ ಜಾಗ) ಅದೇ ಮಾತು.

ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸ್ತದೆ. ಆ ನಂಬರ್ ಹಾಕಿ ಭೂಮಿ ವೆಬ್‌ಸೈಟ್‌ನಲ್ಲಿ ಆರ್‌ಟಿಸಿ (ಪಹಣಿ) ನೋಡಿ: 9ನೇ ಕಾಲಂ ಸ್ವಾಧೀನದಾರರು, 12ನೇದು ಸಾಗುವಳಿ. 9ರಲ್ಲಿ ಜಂಟಿಯಾಗಿ ನಾಲ್ಕೈದು ಹೆಸರು ಇದ್ದರೆ ಒಬ್ಬರ ಒಪ್ಪಿಗೆ ಸಾಲದು. ಕುಟುಂಬದ ಜಾಗಗಳಲ್ಲಿ ಪಾಲು ಆಗದೆ ಉಳಿದದ್ದೇ ಹೆಚ್ಚು, ಮುಂಬೈಯಲ್ಲಿರುವ ಪಾಲುದಾರರಿಗೆ ಯಾರೋ ವಿಡಿಯೊ ಕಳಿಸಿದ ದಿನವೇ ಜಗಳ ಶುರು. ಗದ್ದೆ ಬೇರೆಯವರು ಮಾಡ್ತಾ ಇದ್ದರೆ ಅವರನ್ನೂ ಕೇಳಿ. ಬೆಳೆ ಅವರದ್ದು.

ಒಪ್ಪಿಗೆ ಬಿಳಿ ಹಾಳೆಯಲ್ಲೇ ಆಗಲಿ, ಎರಡು ಪ್ರತಿ. ಸರ್ವೆ ನಂಬರ್, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾರೆಲ್ಲ ಬರ್ತಾರೆ, ಎಷ್ಟು ಆಳ, ಎಲ್ಲಿ ಕಾಲಿಡಬಾರದು, ಗುಂಡಿ ಮುಚ್ಚುವ ಹೊಣೆ ಯಾರದ್ದು. ನಾಗಬನ, ದೈವದ ಕಟ್ಟೆ, ಹಳೆಯ ಮನೆಯ ಪಂಚಾಂಗ (ಅಡಿಪಾಯ) ಇವನ್ನು ಹೆಸರು ಹಿಡಿದು ಹೊರಗಿಡಿ. ಧನಿಗಳು ಪರವಾಗಿಲ್ಲ ಅಂದರೂ ಬನದ ಹತ್ತಿರ ಮೆಷಿನ್ ಆನ್ ಮಾಡ್ಲಿಕ್ಕೆ ಹೋಗಬೇಡಿ. ಬನ ಒಂದು ಮನೆಯವರದ್ದಲ್ಲ, ಇಡೀ ಕುಟುಂಬದ್ದು.

ಅರ್ಧ-ಅರ್ಧದ ಮಾತನ್ನು ಪೂರ್ತಿ ಬಿಡಿ. 1878ರ ಕೇಂದ್ರ ಕಾಯ್ದೆ ನೆಲದಲ್ಲಿ ಹುದುಗಿದ ಬೆಲೆಯುಳ್ಳ ಯಾವ ವಸ್ತುವನ್ನೂ ನಿಧಿ ಅನ್ತದೆ, ತಿಳಿಸಲೇಬೇಕಾದ ಮಿತಿ ಬರೇ 10 ರೂಪಾಯಿ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಉಂಟು. ಎಂತ ಸಿಕ್ಕಿತು, ಎಲ್ಲಿ, ಯಾವ ದಿನ ಅಂತ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಮುಂದಿನದ್ದು ಅವರ ತೀರ್ಮಾನ. ನೀವಿಬ್ಬರು ಮೊದಲೇ ಪಾಲು ಬರೆದುಕೊಂಡರೆ ಆ ಕಾಗದವೇ ಮುಚ್ಚಿಡುವ ಉದ್ದೇಶ ಇತ್ತು ಅನ್ನುವುದಕ್ಕೆ ಸಾಕ್ಷಿಯಂತೆ ಕಾಣ್ತದೆ. ಪತ್ರದಲ್ಲಿ ಬರೆಯಬೇಕಾದ್ದು ಇಷ್ಟೇ: "ಹಳೆಯದು ಅನಿಸುವ ಯಾವುದು ಕಂಡರೂ ಅಲ್ಲಿಗೇ ಕೆಲಸ ನಿಲ್ಲಿಸಿ, ಇಬ್ಬರೂ ಸೇರಿ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸುತ್ತೇವೆ."

ಮುರಕಲ್ಲು ಉತ್ತರ:

ಆಳದ ಬಗ್ಗೆ. ಗದ್ದೆಯಲ್ಲಿ 15 ಸೆಂಟಿಮೀಟರ್, ಅದಕ್ಕಿಂತ ಕೆಳಗೆ ಬೇಡ. ವರ್ಷ ವರ್ಷ ಉತ್ತು, ಕೆಸರು ಮಾಡಿ, ತುಳಿದು ಉಳುಮೆಯ ಮಣ್ಣಿನ ಕೆಳಗೆ ಒಂದು ಗಟ್ಟಿ ಪದರ ಕೂತಿರ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದೇ ಅದರಿಂದ. ಸಲಿಕೆ ಮೊದಲು ಮೆತ್ತಗೆ ಇಳಿದು ಒಮ್ಮೆಲೇ ತಡೆದರೆ ಅದೇ ಪದರ. ಅದನ್ನು ತೂತು ಮಾಡಿ ಮೇಲೆ ಸಡಿಲ ಮಣ್ಣು ತುಂಬಿಸಿದರೆ ಈಗ ಎಂತದೂ ಕಾಣುವುದಿಲ್ಲ, ಜೂನ್-ಜುಲೈಯಲ್ಲಿ ಆ ತೂತಿನಿಂದ ನೀರು ಇಳಿದು ಹೋಗ್ತದೆ. ಆಗ ಧನಿಗಳಿಗೆ ನೆನಪಾಗುವುದು ನಿಮ್ಮದೇ ಮುಖ. ಹುಣಿಯನ್ನಂತೂ (ಗದ್ದೆಯ ಬದು) ಮುಟ್ಟಲೇಬೇಡಿ, ಸಿಗ್ನಲ್ ಎಷ್ಟೇ ಚಂದ ಇರಲಿ. ಕೊಯ್ಲಾದ ಕೂಡಲೇ ಉದ್ದು, ಹೆಸರು ಬಿತ್ತುವವರಿದ್ದಾರೆ, ಮಧ್ಯದಲ್ಲಿ ಸಿಗುವ ದಿನ ಕಡಿಮೆ. ತಾರೀಕು ಅವರು ಹೇಳಲಿ.

ಅಡಿಕೆ ತೋಟದಲ್ಲಿ ಮರದ ಬುಡದಿಂದ ಒಂದು ಮೀಟರ್ ಬಿಡಿ. ಆಹಾರ ಹೀರುವ ಬೇರು ಹೆಚ್ಚಿನವು ಆ ಸುತ್ತಿನಲ್ಲೇ, ಮೇಲ್ಪದರದಲ್ಲೇ ಇರುವುದು. ಸ್ಪ್ರಿಂಕ್ಲರ್ ಪೈಪು, ಪಂಪಿನ ಕೇಬಲ್ ಎಲ್ಲಿ ಹಾದು ಹೋಗ್ತದೆ ಅಂತ ಮೊದಲೇ ಧನಿಗಳ ಜೊತೆ ನಡೆದು ಕೋಲು ಊರಿಕೊಳ್ಳಿ. ಪಿವಿಸಿ ಪೈಪ್ ಡಿಟೆಕ್ಟರಿಗೆ ಕಾಣುವುದೇ ಇಲ್ಲ, ಸಲಿಕೆಗೆ ಮಾತ್ರ ಸಿಗ್ತದೆ. ಮನೆಯ ಅಥವಾ ಪಂಪ್‌ಶೆಡ್ಡಿನ ಗೋಡೆ ಬದಿ ಜೋರಾಗಿ, ಒಂದೇ ಕಡೆ, ಆಳದಿಂದ ಬರುವ ಸಿಗ್ನಲ್ ಹೆಚ್ಚಾಗಿ ಅರ್ತಿಂಗ್ ಗುಂಡಿಯ ಪೈಪು ಅಥವಾ ತಾಮ್ರದ ಪ್ಲೇಟು. ಅಲ್ಲಿ ಕೈ ಹಾಕಬಾರದು.

ಇನ್ನು ನಮ್ಮ ಮಣ್ಣು. ಮುರ ಮಣ್ಣಿನಲ್ಲಿ (ಕೆಂಪು ಜಂಬಿಟ್ಟಿಗೆ ಮಣ್ಣು) ಕಬ್ಬಿಣದ ಅಂಶ ಜಾಸ್ತಿ, ಬೀಚಿನ ಸೆಟ್ಟಿಂಗ್ ಹಾಗೇ ಇಟ್ಟುಕೊಂಡು ಬಂದರೆ ಹೆಜ್ಜೆಗೊಂದು ಸುಳ್ಳು ಸಿಗ್ನಲ್. ಇದು ಬರೇ ತಾಂತ್ರಿಕ ವಿಷಯ ಅಲ್ಲ: ಒಂದು ಸುಳ್ಳು ಸಿಗ್ನಲ್ ಅಂದರೆ ಬೇರೆಯವರ ಜಾಗದಲ್ಲಿ ಒಂದು ಸುಮ್ಮನೆ ಗುಂಡಿ. ಲೋಹ ಇಲ್ಲದ ಜಾಗ ಹುಡುಕಿ, ಕಾಯಿಲನ್ನು (ಮೆಷಿನ್ನಿನ ಕೆಳಗಿನ ತಟ್ಟೆ) ನೆಲದಿಂದ ಒಂದು ಅಡಿ ಎತ್ತರಕ್ಕೂ, ಎರಡು ಇಂಚಿಗೂ ಮೇಲೆ-ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಆ ಮಣ್ಣಿಗೆ ಮೆಷಿನ್ ಹೊಂದಿಸಿಕೊಳ್ಳಿ. ಗದ್ದೆಯಿಂದ ತೋಟಕ್ಕೆ ಹತ್ತಿದರೆ ಪುನಃ ಮಾಡಬೇಕು. ಸೆನ್ಸಿಟಿವಿಟಿ ಇಳಿಸಿ, ಚಿಕ್ಕ ಕಾಯಿಲ್ ಇದ್ದರೆ ಅದನ್ನೇ ಹಾಕಿ. ಸಿಗ್ನಲ್ ಬಂದಲ್ಲಿ 90 ಡಿಗ್ರಿ ತಿರುಗಿ ಇನ್ನೊಮ್ಮೆ ಬೀಸಿ, ಕಾಯಿಲನ್ನು ನಾಲ್ಕು ಇಂಚು ಎತ್ತಿ ಮತ್ತೊಮ್ಮೆ. ಲೋಹ ಆದರೆ ಸದ್ದು ನಿಧಾನಕ್ಕೆ ಕ್ಷೀಣಿಸ್ತದೆ, ಮುರಕಲ್ಲಿನದ್ದಾದರೆ ಪಕ್ಕನೆ ಮಾಯ. ಎರಡೂ ಕಡೆಯಿಂದ ಒಂದೇ ಸದ್ದು ಬಾರದಿದ್ದರೆ ಅಗೆಯುವುದು ಬೇಡ.

ಅಗೆಯುವಾಗ ಹುಲ್ಲಿದ್ದಲ್ಲಿ ಮೂರು ಬದಿ ಮಾತ್ರ ಕತ್ತರಿಸಿ, ನಾಲ್ಕನೆಯದ್ದನ್ನು ಬಿಜಾಗರಿಯಂತೆ ಬಿಟ್ಟು ಮಗುಚಿ. ಮುಚ್ಚಳದ ದಪ್ಪ 8-10 ಸೆಂಟಿಮೀಟರ್ ಇರಲಿ, ತೆಳುವಾದರೆ ಬೇರು ಕಡಿದು ನಾಲ್ಕು ದಿನದಲ್ಲಿ ಹುಲ್ಲು ಒಣಗಿ ಕಂದು ಚೌಕ ಉಳೀತದೆ. ಮಣ್ಣು ಹಳೆಯ ಬ್ಯಾನರ್ ತುಂಡಿನ ಮೇಲೆ ಸುರಿಯಿರಿ, ವಾಪಸ್ ಹಾಕುವಾಗ ಒಂದು ಚೂರೂ ಹೊರಗೆ ಉಳಿಯುವುದಿಲ್ಲ. ಪಿನ್‌ಪಾಯಿಂಟರ್ (ಗುಂಡಿಯೊಳಗೆ ಲೋಹದ ನಿಖರ ಜಾಗ ತೋರಿಸುವ ಸಣ್ಣ ಕೈ ಡಿಟೆಕ್ಟರ್) ಇಲ್ಲದೆ ತೋಟಕ್ಕೆ ಹೋಗಬಾರದು, ಅಂಗೈ ಅಗಲದ ಕೆಲಸ ಮೊಣಕೈ ಅಗಲ ಆಗ್ತದೆ. ಮೊಳೆ, ಬಾಟಲಿ ಮುಚ್ಚಳ, ತಂತಿ ಎಲ್ಲ ಚೀಲಕ್ಕೆ ಹಾಕಿ, ಹೊರಡುವ ಮೊದಲು ಧನಿಗಳಿಗೆ ತೋರಿಸಿ ಗುಜರಿಗೆ.

ಅಳಿವೆಬಾಗಿಲು ಉತ್ತರ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಬ್ರಹ್ಮಾವರ ಅಂದರೆ ಬಾರಕೂರು ಪಕ್ಕದಲ್ಲೇ. ತುಳುನಾಡನ್ನು ಆಳಿದ ಆಳುಪರ ರಾಜಧಾನಿ, ವಿಜಯನಗರ ಕಾಲದಲ್ಲಿ ಒಂದು ರಾಜ್ಯದ ಕೇಂದ್ರ, ಬಾರಕೂರು ಗದ್ಯಾಣ ಅಂತ ನಾಣ್ಯವೇ ಚಲಾವಣೆಯಲ್ಲಿದ್ದ ಊರು. ಅಂಥ ಕಡೆ 15 ಸೆಂಟಿಮೀಟರ್ ಒಳಗೇ ಮಡಕೆ ಚೂರು, ಹಂಚು, ಕಲ್ಲಿನ ಸಾಲು ಕಂಡರೆ ಅದು ಹವ್ಯಾಸದ ಜಾಗ ಅಲ್ಲ, ಮೆಷಿನ್ ಆಫ್ ಮಾಡಿ. ನಾಣ್ಯಕ್ಕಿಂತ ಅದು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದೇ ಇತಿಹಾಸಕ್ಕೆ ಬೇಕಾದ್ದು. ಕಿತ್ತು ತೆಗೆದ ಮೇಲೆ ಅದು ಯಾರಿಗೂ ಸಿಗುವುದಿಲ್ಲ. ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕಾರ್ಕಳದ ಗೊಮ್ಮಟ ಬೆಟ್ಟದಂಥ ಕಡೆ ಒಟ್ಟು 300 ಮೀಟರ್ ದೂರವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬೀಚಿನಲ್ಲೂ ಒಂದು ಎಚ್ಚರ: ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರ್ತದೆ, ಗೂಡು ಅಲೆ ಮುಟ್ಟುವ ಗೆರೆಯ ಮೇಲಿನ ಒಣ ಮರಳಿನಲ್ಲಿ, ಸುಮಾರು ಒಂದೂವರೆ ಅಡಿ ಕೆಳಗೆ. ಆಗ ಒದ್ದೆ ಮರಳಿನಲ್ಲಿ ಮಾತ್ರ ಹುಡುಕಿ.

ಪಡುಗಾಳಿ:

ಗುಡ್ಡೆ ಬಿಟ್ಟೆ, ಪಾಲಿನ ಮಾತೂ ಬಿಟ್ಟೆ. ಒಂದು ಸಂಶಯ: ಗುಂಡಿಯ ಮಣ್ಣಿನ ಜೊತೆಗೇ ಹಳೆ ನಾಣ್ಯ ಹೊರಗೆ ಬಂದೇ ಬಿಟ್ಟರೆ? ತೊಳೆದು ನೋಡದೆ ಹಳೆಯದು ಅಂತ ಗೊತ್ತಾಗುವುದು ಹೇಗೆ?

ಅಳಿವೆಬಾಗಿಲು:

ತೊಳೆಯಬೇಡಿ, ಬೆರಳಲ್ಲಿ ಉಜ್ಜಲೂಬೇಡಿ. ಹುಣಸೆಹುಳಿ ಹಾಕಿದರೆ ತಾಮ್ರ ಫಳಫಳ ಅನ್ತದೆ ನಿಜ, ಆದರೆ ಆ ಆಮ್ಲ ಮೇಲಿನ ಹಸಿರು-ಕಂದು ಪದರವನ್ನು ತಿನ್ನುವಾಗ ಅಕ್ಷರದ ಅಂಚೂ ಹೋಗ್ತದೆ. ಆಳುಪರ ನಾಣ್ಯದ ಜೋಡಿ ಮೀನಿನಂಥ ಸಣ್ಣ ಗುರುತು ಉಳಿಯುವುದೇ ಆ ಪದರದಲ್ಲಿ. ಸಂಶಯ ಬಂದರೆ ಹಳೆಯದು ಅಂತಲೇ ಹಿಡಿಯಿರಿ. ಪಕ್ಕದಲ್ಲಿ ಪೆನ್ನು ಇಟ್ಟು ಗುಂಡಿಯದ್ದೊಂದು, ನಾಣ್ಯದ್ದೊಂದು ಫೋಟೊ ತೆಗೆಯಿರಿ, ಆಳ ಅಳೆದು ಬರೆಯಿರಿ, ಮಣ್ಣು ಮೆತ್ತಿದ ಹಾಗೆಯೇ ಕಾಗದದ ಲಕೋಟೆಗೆ ಹಾಕಿ. ಗುಂಡಿ ಅಗಲ ಮಾಡದೆ ಮುಚ್ಚಿ, ಧನಿಗಳನ್ನು ಕರೆದು ತೋರಿಸಿ, ಅವತ್ತೇ ಅರ್ಜಿ ಬರೆಯಿರಿ.

ಕಟ್ಟಪುಣಿ:

ಆ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಗಬಾರದು, ಫೋನಿನ ಫೋಟೊದಲ್ಲಿ ಜಾಗದ ಗುರುತು ಕೂತಿರ್ತದೆ. "ಅಲ್ಲಿ ನಿಧಿ ಸಿಕ್ಕಿತಂತೆ" ಅಂತ ಸುದ್ದಿ ಹಬ್ಬಿದರೆ ರಾತ್ರಿ ಅಗೆಯುವವರು ಬರುವುದು ನಿಮ್ಮ ಮನೆಗಲ್ಲ, ಧನಿಗಳ ತೋಟಕ್ಕೆ. ಅದಕ್ಕೇ ಹಗಲು ಹೊತ್ತಿನಲ್ಲಿ ಮಾತ್ರ ಹೋಗಿ, ಒಪ್ಪಿಗೆ ಪತ್ರದ ಪ್ರತಿ ಕಿಸೆಯಲ್ಲಿರಲಿ, ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ಹಿಂದಿನ ದಿನವೇ ಒಂದು ಮಾತು ಹೇಳಿಡಿ.